ಒಂದನೇ ನಂಬರು ಖಾಲಿಯಿಲ್ಲ

ಬೆಳಿಗ್ಗೆ ಇಚಿಕಾವಾ ಸ್ಟೇಷನ್ನಿನ ಪಕ್ಕದ ಕೊಂಬಿನಿ ಅಂಗಡಿಯೆದುರು ಕಾಫಿ ಹಿಡಿದು ನಿಂತಿದ್ದೆ. ನಮ್ಮ ಕನ್ನಡ ಸಂಘದ ಹೊಸ ಅಧ್ಯಕ್ಷರ ಫೋನು ಬಂತು. ಸದಸ್ಯರ ಕಾರ್ಡುಗಳನ್ನು ಹೊಸದಾಗಿ ಮುದ್ರಿಸುತ್ತಾರಂತೆ. “ನಂಬರ್ ಒಂದು ಖಾಲಿ ಇದೆಯಲ್ಲ ಮೇಡಂ, ಅದನ್ನ ನನಗೆ ಹಾಕ್ಬಿಡಿ,” ಎಂದರು. ನೋಡಿ ಹೇಳುತ್ತೇನೆ ಎಂದೆ. ನೋಡುವುದೇನಿತ್ತು, ಮೈ ಉರಿದುಹೋಗಿತ್ತು.

ಆ ನಂಬರಿನ ಪುರಾಣವನ್ನು ನಿಮಗೆ ಹೇಳಲೇಬೇಕು. ಸಂಘಕ್ಕೆ ಡೇಟಾಬೇಸ್ ಮಾಡಿಕೊಟ್ಟವಳು ನಾನು. ಪುಕ್ಕಟೆ ಕೆಲಸ, ಆಗಲ್ಲ ಅನ್ನಲು ನನಗೆ ಬಾಯಿಯೇ ಬರುವುದಿಲ್ಲ. ಹೆಸರು ಬರೆದರೆ ಸಾಕು, ನಂಬರನ್ನು ಅದೇ ಒಂದೊಂದಾಗಿ ಏರಿಸಿ ಕೊಡುತ್ತದೆ. ಪರೀಕ್ಷೆಗೆಂದು ‘ಅ’, ‘ಆ’, ‘ತಿಂಡಿ ಆಯ್ತಾ’ ಎಂದೆಲ್ಲ ಗೀಚಿ ಅಳಿಸಿದ್ದೆ. ಅಳಿಸಿದರೂ ಹೋದ ನಂಬರು ವಾಪಸು ಬಾರದೆಂಬುದು ಆಮೇಲೆ ತಿಳಿಯಿತು. ಹೀಗಾಗಿ ಮೊಟ್ಟಮೊದಲು ಸೇರಿಸಿದ ನಾಗರಾಜ್ ಅಂಕಲ್‌ಗೆ ಹದಿನೇಳು ಬಿದ್ದಿತ್ತು.

ಸಂಘ ಶುರುವಾದದ್ದೇ ಅವರ ಅಡುಗೆಮನೆಯಲ್ಲಿ. ಹೊಸದಾಗಿ ಜಪಾನಿಗೆ ಬಂದವರು ಯಾರೇ ಆಗಲಿ, ಮೊದಲ ಭಾನುವಾರ ಅವರ ಮನೆಯಲ್ಲಿ ಹುಳಿ ಅನ್ನ. ನಾನು ಬಂದ ಚಳಿಗಾಲದಲ್ಲಿ ಜ್ವರ ಹಿಡಿದು ಮಲಗಿದ್ದಾಗ, ದೂರದ ಕಂಪನಿ ಹಾಸ್ಟೆಲ್ಲಿಗೆ ಫ್ಲಾಸ್ಕಿನಲ್ಲಿ ಸಾರು ಹಿಡಿದು ಬಂದಿದ್ದರು. ಅಂಥವರು ಕಾರ್ಡು ನೋಡಿ ಮುಖ ಊದಿಸಿಕೊಂಡರು. “ಏನಮ್ಮಾ, ನಾನು ಹದಿನೇಳನೆಯವನಾ?”

ನಗಬೇಕೋ ಅಳಬೇಕೋ. ಹದಿನೇಳನ್ನು ಒಂದು ಮಾಡಬಹುದೇ ಎಂದು ಆಫೀಸಿನ ತನಾಕಾ ಸಾನ್ ಅವರನ್ನು ಕೇಳಿದೆ. ಅವರು ಹಲ್ಲುಸಂದಿಯಲ್ಲಿ ಸುಯ್ಯೆಂದು ಉಸಿರೆಳೆದು, ಕತ್ತು ವಾಲಿಸಿ, ಸ್ವಲ್ಪ ಕಷ್ಟ ಎಂದರು. ಈ ದೇಶದಲ್ಲಿ ಹಾಗೆಂದರೆ ಸುತರಾಂ ಆಗದು ಎಂದೇ ಲೆಕ್ಕ. ತಾನೇ ನಂಬರು ಹಾಕುವ ಆ ಕಾಲಮ್ಮಿನಲ್ಲಿ ನಾವು ಕೈಯಾಡಿಸಲು ಡೇಟಾಬೇಸ್ ಬಿಡದು. ಆ ಚಾಳಿಯನ್ನು ತಪ್ಪಿಸಲೂ ಬಿಡದು. ಇಂಥ ಹಟಮಾರಿಯನ್ನು ಯಾರು ಹುಟ್ಟಿಸಿದರೋ! ಕೊನೆಗೆ ಪಕ್ಕದಲ್ಲೇ ಸದಸ್ಯರ ಪಟ್ಟಿಗೆ ಹೊಸ ಟೇಬಲ್ ಕಟ್ಟಿ, ಅಂಕಲ್‌ಗೆ ಒಂದು ಕೊಟ್ಟು ಉಳಿದ ನಂಬರುಗಳನ್ನೂ ಕೈಯಾರೆ ಬರೆದು, ಎಲ್ಲರನ್ನೂ ಅಲ್ಲಿಗೆ ಸಾಗಿಸಿ, ಹಳೆಯದನ್ನು ಕೆಡವಿ, ಅದರ ಹೆಸರನ್ನೇ ಹೊಸದಕ್ಕಿಟ್ಟೆ. ನಂಬರು ಬದಲಾದ ಈ ಗಲಾಟೆಯಲ್ಲಿ ಪಟ್ಟಿಯಲ್ಲಿದ್ದ ಯಾರದೋ ಮಕ್ಕಳು ಇನ್ಯಾರದೋ ಅಪ್ಪ ಅಮ್ಮನಿಗೆ ಅಂಟಿಕೊಂಡವು. ಬಿಡಿಸುವಷ್ಟರಲ್ಲಿ ಭಾನುವಾರವೇ ಮುಗಿದಿತ್ತು. ಅಂಕಲ್ಲನ್ನೂ ಡೇಟಾಬೇಸನ್ನೂ ಸೇರಿಸಿ ಬೈದುಕೊಂಡೆ.

ಹೊಸ ಕಾರ್ಡನ್ನು ಅವರು ಅಂಗಿಯ ಜೇಬಿನಲ್ಲಿಟ್ಟುಕೊಂಡು ಸಿಕ್ಕವರಿಗೆಲ್ಲ ತೋರಿಸಿದರು. ಹೋದ ವರ್ಷ ತೀರಿಕೊಂಡರು. ಆಂಟಿ ಸೆಂಡಾಯ್‌ನಲ್ಲಿರುವ ಮಗಳ ಮನೆಗೆ ಹೋದರು. ಅಂಕಲ್ ಹೆಸರನ್ನು ಅಳಿಸಿದವಳೂ ನಾನೇ.

ಕಾಫಿ ಮುಗಿಸಿ ಅಧ್ಯಕ್ಷರಿಗೆ ಫೋನು ಮಾಡಿದೆ. ತನಾಕಾ ಸಾನ್ ಥರವೇ ಸುಯ್ಯೆಂದು ಉಸಿರೆಳೆದು, “ಒಂದ್ಸಲ ಕೊಟ್ಟ ನಂಬರನ್ನ ಡೇಟಾಬೇಸ್ ಮತ್ತೆ ಯಾರಿಗೂ ಕೊಡಲ್ಲ ಸಾರ್,” ಎಂದೆ. ಬೇರೆ ದಾರಿಯೇ ಇಲ್ಲವೇ ಎಂದು ಕೇಳಿದರು.

“ಇಲ್ಲ ಸಾರ್,” ಎಂದೆ. ಆ ದಾರಿ ನನಗೆ ಬಾಯಿಪಾಠವಿದೆ.