ಅಂಬೇವಾಡಿಯ ಬಚ್ಚಲಿನಲ್ಲಿ ಸತುವಿನ ಪಟ್ಟಾಭಿಷೇಕ

ದಾಂಡೇಲಿಯ ಅಂಬೇವಾಡಿಯಲ್ಲಿ ಉಳವಪ್ಪನ ಮನೆ ಹುಡುಕುವುದು ಸುಲಭ. ಹಿತ್ತಲಿನ ತಂತಿಯ ಮೇಲೆ ಸೀರೆಯ ಪಕ್ಕದಲ್ಲಿ ಜೀಪಿನ ಬೋಲ್ಟುಗಳು ಒಣಗುತ್ತಿರುವ ಮನೆ ಊರಿನಲ್ಲಿ ಅದೊಂದೇ.

ಇಪ್ಪತ್ತೆಂಟು ವರ್ಷ ಕಾಗದದ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಉಳವಪ್ಪನಿಗೆ ನಿವೃತ್ತಿಯ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ ಸಿಕ್ಕವು. ಶಾಲು ಹೆಂಡತಿ ಕಾಶೆವ್ವನ ಟ್ರಂಕು ಸೇರಿತು. ಗಡಿಯಾರವನ್ನು ಅವನು ಎರಡನೆಯ ವಾರ ಬಿಚ್ಚಿದ. ಮೂರನೆಯ ವಾರ ಮಿಕ್ಸರ್ ಬಿಚ್ಚಿದ. ನಾಲ್ಕನೆಯ ವಾರ ಹೊಲಿಗೆ ಯಂತ್ರದ ಸುತ್ತ ಎರಡು ಪ್ರದಕ್ಷಿಣೆ ಹಾಕುತ್ತಿದ್ದಾಗ ಕಾಶೆವ್ವ ಅಡುಗೆಮನೆಯಿಂದಲೇ ಕೂಗಿದಳು.

"ಅದನ್ನ ಮುಟ್ಟಬ್ಯಾಡ್ರಿ. ಗಡಿಯಾರ ಇನ್ನೂ ಹನ್ನೊಂದಕ್ಕ ನಿಂತೈತಿ."

ಮನೆಯೊಳಗೆ ಗೆಲ್ಲಲು ರಾಜ್ಯವೇ ಇಲ್ಲದಾದಾಗ ವೀರರು ಹೊರಗಿನ ಶತ್ರುವನ್ನು ಹುಡುಕುತ್ತಾರೆ. ಉಳವಪ್ಪನಿಗೆ ಸಿಕ್ಕ ಶತ್ರು ತುಕ್ಕು. ದಾಂಡೇಲಿಯಲ್ಲಿ ಅದಕ್ಕೆ ವರ್ಷದ ಐದು ತಿಂಗಳು ನಿರಾತಂಕ ಆಳ್ವಿಕೆ. ಪ್ರವಾಸಿಗರನ್ನು ಕಾಡಿಗೆ ಒಯ್ಯುವ ಜೀಪುಗಳ ಬೋಲ್ಟು, ಕೊಂಡಿ, ಪಟ್ಟಿಗಳೆಲ್ಲ ಅದಕ್ಕೆ ಕಪ್ಪ ಒಪ್ಪಿಸುತ್ತಿದ್ದವು. ಕಬ್ಬಿಣಕ್ಕೆ ಸತುವಿನ ತೆಳುವಾದ ಅಂಗಿ ತೊಡಿಸಿದರೆ ತುಕ್ಕು ಮೊದಲು ಸತುವನ್ನು ತಿನ್ನಬೇಕು, ಕಬ್ಬಿಣ ಅಷ್ಟು ದಿನ ಬದುಕುತ್ತದೆ. ಗ್ಯಾರೇಜಿನವರು ಇದಕ್ಕೆ ಝಿಂಕ್ ಮಾಡುವುದು ಎನ್ನುತ್ತಾರೆ. ಇದನ್ನು ಮನೆಯಲ್ಲೇ ಮಾಡಬಹುದೆಂದು ಮೊಬೈಲಿನಲ್ಲಿ ಒಬ್ಬ ಪಂಜಾಬಿ ಹೇಳಿದ. ಉಳವಪ್ಪ ಆ ವಿಡಿಯೋವನ್ನು ಹದಿನೇಳು ಸಲ ನೋಡಿದ. ಹಿಂದಿ ಅರ್ಧ ತಿಳಿಯಿತು, ಉಳಿದರ್ಧವನ್ನು ಧೈರ್ಯದಿಂದ ತುಂಬಿಕೊಂಡ.

ಶಸ್ತ್ರಾಸ್ತ್ರಗಳು ನಾನಾ ದಿಕ್ಕಿನಿಂದ ಬಂದವು. ತುಕ್ಕು ಕೀಳಲು ಶೌಚಾಲಯ ತೊಳೆಯುವ ಆಸಿಡ್. ಜಿಡ್ಡು ತೆಗೆಯಲು ಬಟ್ಟೆ ಸೋಡಾ. ಸತುವಿಗಾಗಿ ಹಳೆಯ ಟಾರ್ಚ್ ಸೆಲ್ಲುಗಳ ಚಿಪ್ಪು. ವಿದ್ಯುತ್ತಿಗಾಗಿ ಅಳಿಯ ಮರೆತು ಹೋದ ಮೊಬೈಲ್ ಚಾರ್ಜರ್. ಬಕೆಟ್ಟಿನ ನೀರಿಗೆ ಬೆರೆಸುವ ಝಿಂಕ್ ಸಲ್ಫೇಟ್ ಮಾತ್ರ ಹಳಿಯಾಳದ ಗೊಬ್ಬರದ ಅಂಗಡಿಯಲ್ಲಿ ಸಿಕ್ಕಿತು. ಅದು ಭತ್ತದ ಗದ್ದೆಗೆ ಹಾಕುವ ಸರಕು.

"ಎಷ್ಟು ಎಕರೆಗೆ ಬೇಕ್ರಿ ಯಜಮಾನ್ರ?" ಅಂಗಡಿಯವನು ಕೇಳಿದ.

"ಒಂದು ಬಚ್ಚಲಕ್ಕ," ಎಂದ ಉಳವಪ್ಪ ಗಂಭೀರವಾಗಿ.

ಹೀಗೆ ಬಚ್ಚಲು ವಶವಾಯಿತು. ಗಂಡ ಹೆಂಡತಿ ಹಿತ್ತಲಿನಲ್ಲಿ ತಗಡಿನ ಮರೆ ಕಟ್ಟಿಕೊಂಡು ಸ್ನಾನ ಮಾಡತೊಡಗಿದರು. ತೊಳೆದ ನೀರು ಹರಿದಲ್ಲಿದ್ದ ಕರಿಬೇವಿನ ಗಿಡ ಈ ಯುದ್ಧದಲ್ಲಿ ಮೊದಲು ಮಡಿದ ಯೋಧ.

ಬಚ್ಚಲು ವಶವಾದ ಮೂರನೆಯ ವಾರದಲ್ಲಿ ತುಳಸಿರಾಮ ಬಂದ. ಮುಂಡಗೋಡ ಕಡೆಯ ತಾಂಡಾದವನು, ಕೋಗಿಲಬನದ ರಸ್ತೆಯಲ್ಲಿ ಜೀಪು ರಿಪೇರಿಯ ಗ್ಯಾರೇಜು ಇಟ್ಟವನು. ಅವನ ಸಾಮಾನೆಲ್ಲ ಝಿಂಕ್ ಮಾಡಿಸಲು ಹುಬ್ಬಳ್ಳಿಗೆ ಹೋಗುತ್ತಿತ್ತು. ಹೋಗಿ ಬರಲು ಹತ್ತು ದಿನ, ಅಷ್ಟು ದಿನ ಜೀಪು ಕಲ್ಲಿನ ಮೇಲೆ ಧ್ಯಾನಕ್ಕೆ ಕೂರುತ್ತಿತ್ತು. ಅವನು ಒಂದು ಚೀಲ ಕೆಳಗಿಟ್ಟ. ಮೂವತ್ತು ಬೋಲ್ಟು, ಆರು ಪಟ್ಟಿ, ಮತ್ತು ಒಂದು ಹಳೆಯ ಜೀಪಿನ ಬಾನೆಟ್ಟು ಹಿಡಿಯುವ ಎರಡು ಕೊಂಡಿ.

"ಕಾಕಾ, ಬೋಲ್ಟು ಕೆಟ್ರ ಕೆಡ್ಲಿ. ಈ ಕೊಂಡಿ ಈಗ ಎಲ್ಲೂ ಸಿಗೂದಿಲ್ಲ. ಶನಿವಾರ ಹನ್ನೊಂದಕ್ಕ ಬರ್ತೇನಿ. ಛಲೋ ಆಗಿದ್ರ ನನ್ನ ಗ್ಯಾರೇಜಿನ ಸಾಮಾನೆಲ್ಲ ನಿಮಗ. ಇಲ್ಲಾಂದ್ರ ಅದ ಹುಬ್ಬಳ್ಳಿ ಬಸ್ಸು."

ಅವನು ಹೋದ ಮೇಲೆ ಕಾಶೆವ್ವ ತನ್ನ ಷರತ್ತನ್ನೂ ಸೇರಿಸಿದಳು. "ಶನಿವಾರ ಅಂವ ಒಲ್ಲೆ ಅಂದ್ರ, ಐತವಾರ ನಾ ಬಚ್ಚಲದಾಗ ಜಳಕ ಮಾಡಾಕಿ."

ಉಳವಪ್ಪ ಅಂದೇ ಶಾಸನ ಹೊರಡಿಸಿದ. ಆಸಿಡ್ಡಿನಿಂದ ತೆಗೆದು ತೊಳೆದ ಸಾಮಾನನ್ನು ಯಾರೂ ಬರಿಗೈಯಿಂದ ಮುಟ್ಟಬಾರದು. ಕೈಯ ಜಿಡ್ಡು ತಾಗಿದಲ್ಲಿ ಸತು ಹಿಡಿಯುವುದಿಲ್ಲ. ಒಮ್ಮೆ ಕಾಶೆವ್ವ ದಾರಿಗಡ್ಡವಾಗಿದ್ದ ಪಟ್ಟಿಯೊಂದನ್ನು ಎತ್ತಿಟ್ಟದ್ದಕ್ಕೆ ಅದನ್ನು ಮತ್ತೆ ಮೊದಲಿನಿಂದ ತೊಳೆದು, ರಾತ್ರಿ ಊಟದ ತನಕ ಮಾತು ಬಿಟ್ಟಿದ್ದ. ಅವನು ಮಾತ್ರ ಮೊಣಕೈವರೆಗೆ ರಬ್ಬರಿನ ಕೈಗವಸು ತೊಟ್ಟು ಶಸ್ತ್ರವೈದ್ಯನ ಹಾಗೆ ಓಡಾಡುತ್ತಿದ್ದ.

ಬುಧವಾರ ಬೋಲ್ಟುಗಳೆಲ್ಲ ಹೊಸ ನಾಣ್ಯದಂತೆ ಹೊರಬಂದವು. ಪಟ್ಟಿಗಳೂ ಬಂದವು. ಎರಡನೆಯ ಕೊಂಡಿಯೂ ಬಂತು. ಮೊದಲನೆಯ ಕೊಂಡಿಯ ಮೈಮೇಲೆ ಮಾತ್ರ ಮೂರು ಕಪ್ಪು ಪಟ್ಟೆ. ಸತು ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಆಸಿಡ್ಡಿನಲ್ಲಿ ಅದ್ದಿ ಸತುವನ್ನೆಲ್ಲ ಕಿತ್ತು ಗುರುವಾರ ಮತ್ತೆ ಮಾಡಿದ. ಮತ್ತೆ ಮೂರು ಪಟ್ಟೆ, ಈ ಸಲ ಇನ್ನೂ ದಪ್ಪ.

ವಿಚಾರಣೆ ಶುರುವಾಯಿತು. ಮೊದಲ ಆರೋಪಿ ಕರೆಂಟು. ಎರಡನೆಯ ಆರೋಪಿ ನಳದ ನೀರು. ಅದಕ್ಕಾಗಿ ಕಾಳಿ ಹೊಳೆಯಿಂದಲೇ ಒಂದು ಕೊಡ ತಂದಿಟ್ಟ. ಮೂರನೆಯ ಆರೋಪಿ ಪಕ್ಕದ ಮನೆಯ ನೀಲಕ್ಕ, ಏಕೆಂದರೆ ಅವಳು ಗೋಡೆಯಾಚೆಯಿಂದ ಇಣುಕುತ್ತಿದ್ದಳು. ಉಳವಪ್ಪ ಗೋಡೆಯ ಮೇಲೆ ಗೋಣಿತಟ್ಟು ಹೊದಿಸಿದ.

"ಗಂಡಸರು ಬಚ್ಚಲದಾಗ ಏನು ಮಾಡ್ತಾರ ಅಂತ ನೋಡೂ ಚಟ ನನಗಿಲ್ಲರೀ," ಎಂದು ನೀಲಕ್ಕ ಓಣಿಗೆಲ್ಲ ಕೇಳುವಂತೆ ಹೇಳಿದಳು. "ಆದ್ರ ಮೂರು ವಾರದಿಂದ ಜಳಕ ಒಂದು ಬಿಟ್ಟು ಎಲ್ಲಾ ನಡದೈತಿ ಅಲ್ಲಿ!"

ಶುಕ್ರವಾರ ಮಧ್ಯಾಹ್ನ ಮೂರನೆಯ ಪ್ರಯತ್ನ. ಇಲ್ಲಿ ಒಂದು ಮಾತು ಹೇಳಬೇಕು. ಉಳವಪ್ಪ ಯಾವ ಕೆಲಸವನ್ನೂ ವಿಭೂತಿ ಹಚ್ಚದೆ ಆರಂಭಿಸಿದವನಲ್ಲ. ಗಿರಣಿಗೆ ಬಂದ ಪ್ರತಿಯೊಂದು ಹೊಸ ಪಂಪಿನ ಹಣೆಗೂ ಮೂರು ಬೆರಳು ಎಳೆದವನು. ಮನೆಯ ಗ್ಯಾಸಿನ ಒಲೆ, ಮಿಕ್ಸರ್, ಮಗಳ ಸ್ಕೂಟಿ, ಎಲ್ಲವೂ ಅವನ ಕೈಯಿಂದ ದೀಕ್ಷೆ ಪಡೆದವು. ಅದರಂತೆ ಪ್ರತಿ ಸಲವೂ ಬಕೆಟ್ಟಿಗೆ ಮೊದಲು ಇಳಿಯುವ ಸಾಮಾನಿಗೆ ವಿಭೂತಿ. ಎಲ್ಲಕ್ಕಿಂತ ಹಿರಿದು ಎಂಬ ಗೌರವದಿಂದ ಮೊದಲು ಇಳಿಯುತ್ತಿದ್ದದ್ದು ಆ ಕೊಂಡಿ. ಕೆಲಸ ಕೆಟ್ಟಾಗ ಭಕ್ತಿ ಕಡಿಮೆಯಾಯಿತೆಂದು ಅವನು ಗುರುವಾರ ಎರಡು ಸಲ ಎಳೆದಿದ್ದ. ಈಗ ವಿಭೂತಿಯ ಗಟ್ಟಿಯನ್ನು ಚೆನ್ನಾಗಿ ತೇಯ್ದು ಮೂರನೆಯ ಸಲಕ್ಕೆ ಸಿದ್ಧನಾದ. ಬಲಗೈಯ ಗವಸು ಕಳಚಿದ. ಗವಸು ತೊಟ್ಟು ವಿಭೂತಿ ಹಚ್ಚುವ ಪದ್ಧತಿ ಯಾರ ಮನೆಯಲ್ಲೂ ಇಲ್ಲ.

ಕಾಶೆವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಬಂದಳು. ಅವನ ಮಣಿಕಟ್ಟು ಹಿಡಿದಳು.

"ನಿನ್ನೆ ಮೂರು ಗೆರಿ ಎಲ್ಲಿ ಬಿದ್ದಿದ್ವು?"

"ಇಲ್ಲೆ, ನಡಬರಕ."

ಅವಳು ಅವನ ಮೂರು ಬೆರಳನ್ನು ಆ ಜಾಗದ ಮೇಲೆ ಒತ್ತಿದಳು. ಅಳತೆ ತೆಗೆದು ಮಾಡಿದಂತೆ ಕೂತವು.

"ನಾ ಪಟ್ಟಿ ಮುಟ್ಟಿದ್ರ ಅರ್ಧ ದಿನ ಮುಖಾ ಉಬ್ಬಿಸಿದ್ರಿ. ನೀವು ಗ್ಲೌಜ ತಗದು, ಬರಿಗೈಲೆ ತಿಕ್ಕಿ, ಮ್ಯಾಲೆ ಬೂದಿ ಬ್ಯಾರೆ ಬಡದೀರಿ. ಸತು ಎಲ್ಲಿ ಕೂಡಬೇಕ್ರಿ?"

ಇಪ್ಪತ್ತೆಂಟು ವರ್ಷದ ಫಿಟ್ಟರು ತನ್ನ ಬೆರಳುಗಳನ್ನು ನೋಡಿದ. ಕೊಂಡಿಯನ್ನು ನೋಡಿದ. ನೀಲಕ್ಕನ ಗೋಣಿತಟ್ಟನ್ನೂ ಒಮ್ಮೆ ನೋಡಿದ.

"ಹಂಗಾದ್ರ ಈಬತ್ತಿ ಬ್ಯಾಡಂತೀ?"

"ದೇವರಿಗೆ ಬ್ಯಾಡ ಅಂದಿಲ್ಲ. ತುಳಸಿರಾಮನ ಕೊಂಡಿಗೆ ಬ್ಯಾಡ ಅಂದೆ."

ಅವನು ಕಟ್ಟೆಯ ಮೇಲೆ ಕೂತು ಎರಡು ಲೋಟ ಚಹಾ ಕುಡಿದ. ಒಂದು ಕಡೆ ಕುಲದ ಪದ್ಧತಿ, ಇನ್ನೊಂದು ಕಡೆ ಬಚ್ಚಲಿನ ಸಾಮ್ರಾಜ್ಯ. ಚಹಾ ಮುಗಿದಾಗ ಎದ್ದು ಹಳೆಯ ಸಾಮಾನಿನ ಡಬ್ಬಿ ಕೆದಕಿ ಹೆಬ್ಬೆರಳು ದಪ್ಪದ ಒಂದು ಬೋಲ್ಟು ತೆಗೆದ. ಅದು ಯಾವ ಗಾಡಿಗೂ ಸೇರಿದ್ದಲ್ಲ, ಯಾವ ಯಂತ್ರಕ್ಕೂ ಬೇಕಿಲ್ಲ. ನಟ್ಟು ಮಾತ್ರ ಜೊತೆಯಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಆ ಬೋಲ್ಟಿಗೆ ಮೂರು ಬೆರಳಿನ ಸಂಪೂರ್ಣ ಮರ್ಯಾದೆ ಸಂದಿತು. ಅದು ಎಲ್ಲರಿಗಿಂತ ಮೊದಲು ಬಕೆಟ್ಟಿಗೆ ಇಳಿಯಿತು. ಉಳವಪ್ಪ ಕೈ ತೊಳೆದು, ಗವಸು ತೊಟ್ಟು, ಕೊಂಡಿಯನ್ನು ಮತ್ತೆ ಮೊದಲಿನಿಂದ ತೊಳೆದು ಅದರ ಹಿಂದೆ ಇಳಿಸಿದ. ಕಾಶೆವ್ವ ಒಗ್ಗರಣೆ ಬಿಟ್ಟು ಬಂದು ಬಕೆಟ್ಟಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಕೊಂಡಿಯ ಮೈಯಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

ತುಳಸಿರಾಮ ಬಂದಾಗ ಗೋಡೆಯ ಗಡಿಯಾರದಲ್ಲಿ ಸರಿಯಾಗಿ ಹನ್ನೊಂದು ಗಂಟೆ. ನಿಜದಲ್ಲಿ ಹನ್ನೆರಡೂವರೆ. ಕೊಂಡಿ ಒಣಗಿ ಸಿದ್ಧವಾಗಲು ಆ ತಡವೇ ಸಾಕಾಯಿತು.

ಪಟ್ಟೆಯಿಲ್ಲದೆ ಹೊಳೆಯುತ್ತಿದ್ದ ಕೊಂಡಿಯನ್ನು ಅವನು ಬಿಸಿಲಿಗೆ ಹಿಡಿದ. ಉಗುರಿನಿಂದ ಕೆರೆದ. ಸ್ಕ್ರೂಡ್ರೈವರಿನ ಹಿಡಿಯಿಂದ ಗಸಗಸ ತಿಕ್ಕಿದ. ಉಳವಪ್ಪನಿಗೆ ತನ್ನ ಬೆನ್ನನ್ನೇ ತಿಕ್ಕಿದಂತಾಯಿತು.

"ಹುಬ್ಬಳ್ಯಾಗ ಮ್ಯಾಲೆ ಹಳದಿ ಬಣ್ಣ ಕೊಡ್ತಾರ, ಕಾಕಾ."

"ನಮ್ಮದು ಬೆಳ್ಳಗ ಇರತೈತಿ."

"ಇರ್ಲಿ ಬಿಡ್ರಿ. ಬಾನೆಟ್ಟು ಎಗರದಿದ್ರ ಸಾಕು. ಮದುವಿಗೆ ಕೊಡೂ ಹೆಣ್ಣಲ್ಲ." ಅವನು ಹೊರಗೆ ಹೋಗಿ ಜೀಪಿನಿಂದ ಇನ್ನೂ ಎರಡು ಚೀಲ ಇಳಿಸಿದ. ಬಚ್ಚಲಿನ ಮೂಲೆಯಲ್ಲಿ ಇಡುವಾಗ ಪಟ್ಟೆಯ ಬೋಲ್ಟು ಅವನ ಕಣ್ಣಿಗೆ ಬಿತ್ತು. "ಇದು ಯಾವ ಗಾಡೀದು? ಕೆಟ್ಟೈತಲ್ಲ?"

"ಅದು ಯಾವ ಗಾಡೀದೂ ಅಲ್ಲ," ಎಂದಳು ಕಾಶೆವ್ವ. "ಅದು ನಮ್ಮ ಮನಿ ಹಿರಿಯ. ಎಲ್ಲಾರ್ಕಿಂತ ಮೊದಲ ಜಳಕಾ ಮಾಡತೈತಿ. ನಾ ಮಾತ್ರ ಇನ್ನೂ ತಗಡಿನ ಹಿಂದ."

ಇದಾಗಿ ಎರಡು ವರ್ಷ. ಉಳವಪ್ಪ ಹಿತ್ತಲಿನಲ್ಲಿ ತಗಡು ತೆಗೆದು ಇಟ್ಟಿಗೆಯ ಹೊಸ ಬಚ್ಚಲು ಕಟ್ಟಿಸಿದ್ದಾನೆ, ಅದರ ಕೀಲಿ ಕಾಶೆವ್ವನ ಸೊಂಟದಲ್ಲಿದೆ. ಹಳೆಯ ಬಚ್ಚಲಿನಲ್ಲಿ ಆ ಬೋಲ್ಟು ಇಂದಿಗೂ ಪ್ರತಿದಿನ ಮೊದಲು ಇಳಿಯುತ್ತದೆ. ಪದರದ ಮೇಲೆ ಪದರ ಕೂತು ಅದರದೇ ನಟ್ಟು ಈಗ ಅದಕ್ಕೆ ಹೊಂದುವುದಿಲ್ಲ. ಮೂರು ಪಟ್ಟೆಗಳಿದ್ದಲ್ಲಿ ಮಾತ್ರ ಸತು ಕೂರದೆ ಅದು ಹಾಗೇ ಉಳಿದಿದೆ. ನೋಡಿದರೆ ತಗ್ಗು ಕಾಣುವುದಿಲ್ಲ. ಉಳವಪ್ಪನ ಬೆರಳುಗಳು ನೋಡದೆಯೇ ಹೋಗಿ ಅಲ್ಲಿ ಕೂರುತ್ತವೆ.