ರೆಕಾರ್ಡಿನ ಎರಡೂ ಬದಿಗೆ ಕುಂಕುಮ

೧೯೭೯ರಲ್ಲಿ ನಾನು ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ಕಾಲೇಜಿನ ಹೆಸರು ಬರೆಯುವುದಿಲ್ಲ, ಅಲ್ಲಿಯ ಒಬ್ಬ ಸರ್ ಹೆಸರನ್ನೂ ಬರೆಯುವುದಿಲ್ಲ. ಹೆದರಿ ಅಲ್ಲ, ಅವರ ಹೆಸರಿಗೆ ನನ್ನ ಪೆನ್ನಿನ ಶಾಯಿ ಖರ್ಚು ಮಾಡುವ ಮನಸ್ಸಿಲ್ಲ. ಇಷ್ಟು ವರ್ಷವಾದರೂ ಆ ಎರಡು ದಿನ ನೆನೆದರೆ ಮೈಯೆಲ್ಲ ಉರಿಯುತ್ತದೆ.

ನಮ್ಮೂರು ಇಂಗಳೇಶ್ವರ. ಅಲ್ಲಿಂದ ದಿನಾ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ಆಗ ನಾನೊಬ್ಬಳೇ. "ಗೌಡ್ರು ಮಗಳನ್ನ ಕಲೆಕ್ಟರ್ ಮಾಡ್ತಾರಂತ" ಎಂದು ಕಟ್ಟೆಯ ಮೇಲೆ ಕುಳಿತವರು ಅಪ್ಪನಿಗೆ ಕೇಳುವ ಹಾಗೆಯೇ ಆಡಿಕೊಳ್ಳುತ್ತಿದ್ದರು. ಅಪ್ಪ ನನಗೆ ಮೊದಲ ದಿನವೇ ಹೇಳಿಬಿಟ್ಟಿದ್ದ: "ನಿನ್ನ ಮ್ಯಾಲ ಒಂದ ಮಾತು ಬಂತಂದ್ರ ಅವತ್ತ ಕಾಲೇಜು ಬಂದ್. ತಿಳೀತಿಲ್ಲ?" ಅದನ್ನು ತಲೆಯಲ್ಲಿಟ್ಟುಕೊಂಡೇ ಒಂದೂವರೆ ವರ್ಷ ತಲೆ ತಗ್ಗಿಸಿ ಹೋಗಿ ಬಂದಿದ್ದೆ.

ಜನವರಿಯಲ್ಲಿ ಗ್ಯಾದರಿಂಗ್ ಬಂತು. ನಮ್ಮ ಕಡೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹಾಗೇ ಅನ್ನುವುದು. ಎರಡು ದಿನದ ಕಾರ್ಯಕ್ರಮ. ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ದೀಪಾವಳಿಗೆ ಬಂದಾಗ ಹಿಂದಿ ಸಿನಿಮಾದ ದೊಡ್ಡ ರೆಕಾರ್ಡೊಂದನ್ನು ತಂದುಕೊಟ್ಟಿದ್ದ. ಹಳೇ ಕಾಲದ ರಾಣಿಯೊಬ್ಬಳ ಕಥೆಯ ಸಿನಿಮಾ. ಒಂದನೇ ಬದಿಯ ಮೊದಲ ಹಾಡು, ಯುದ್ಧಕ್ಕೆ ಹೊರಟ ರಾಣಿ ದೇವಿಗೆ ಆರತಿ ಎತ್ತಿ ಹಾಡುವುದು. ಅದಕ್ಕೆ ನಾನು ಅಭಿನಯ ಮಾಡುವುದೆಂದು ನಿಶ್ಚಯವಾಯಿತು. ಎರಡನೇ ಬದಿಯಲ್ಲಿ ಮಾತ್ರ ಕತ್ತಿ ಇಲ್ಲ, ಕುದುರೆ ಇಲ್ಲ, ಶುರುವಿನಿಂದಲೇ ಧಬ ಧಬ ಡ್ರಮ್ಮು, ಕಹಳೆ, ಯಾವಳೋ ಏದುಸಿರು ಬಿಡುವ ಸದ್ದು. ಅದಕ್ಕೆ ಡಿಸ್ಕೊ ಅನ್ನುತ್ತಾರೆಂದು ಮಾವನೇ ಹೇಳಿದ್ದು. ರಾಜರ ಕಾಲದಲ್ಲಿ ಡಿಸ್ಕೊ ಎಲ್ಲಿಂದ ಬಂತೋ ಆ ಸಿನಿಮಾ ಮಾಡಿದವರಿಗೇ ಗೊತ್ತು. ನಾನು ಆ ಬದಿಯನ್ನು ಒಂದು ನಿಮಿಷ ಕೇಳಿ ಬಿಟ್ಟಿದ್ದೆ.

ಮೈಕ್‌ಸೆಟ್ಟು ಮುದ್ದೇಬಿಹಾಳದ ಸಿದ್ರಾಮಣ್ಣನದು. ಸುತ್ತಲಿನ ಮದುವೆ, ಸಭೆ, ನಾಟಕ ಎಲ್ಲಕ್ಕೂ ಅವನೇ. ತಾಲೀಮಿನ ದಿನ ಅವನು ರೆಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದ: "ತಂಗಿ, ನನಗ ಇಂಗ್ಲಿಷ್ ಓದಾಕ ಬರೂದಿಲ್ಲ. ಯಾವ ಕಡಿ ಹಚ್ಚಬೇಕೋ ಆ ಕಡಿ ಕುಂಕುಮ ಇಡು. ನನ್ನ ಎಲ್ಲಾ ರೆಕಾರ್ಡಿಗೂ ಹಂಗ ಇಟ್ಟೇನಿ. ಕುಂಕುಮ ಕಂಡ್ರ ಮುಳ್ಳು ಇಡೂದು, ಅಷ್ಟ." ನಾನೇ ಬೆರಳ ತುದಿ ಒದ್ದೆ ಮಾಡಿಕೊಂಡು ಒಂದನೇ ಬದಿಯ ನಡುವಿನ ಕಾಗದಕ್ಕೆ ಸಣ್ಣ ಬೊಟ್ಟು ಇಟ್ಟೆ.

ಮೊದಲ ದಿನ ಮಧ್ಯಾಹ್ನ ಕಾರ್ಯಕ್ರಮ. ಅದಕ್ಕೂ ಮೊದಲು ವೇದಿಕೆಯ ಮೂಲೆಯಲ್ಲಿ ಸರಸ್ವತಿ ಪೂಜೆ. ಗ್ಯಾದರಿಂಗ್ ಸಮಿತಿಗೆ ಹಿರಿಯರಾಗಿದ್ದ ಆ ಸರ್ ತಾವೇ ಪೂಜೆಗೆ ಕುಳಿತರು. ಹಾರ್ಮೋನಿಯಂ, ತಬಲಾ, ಮೈಕು, ಯಾವುದನ್ನೂ ಬಿಡದೆ ಹೆಬ್ಬೆರಳಿನಿಂದ ಉದ್ದಕ್ಕೆ ಕುಂಕುಮ ಎಳೆದು ಹೂವಿಟ್ಟರು. ಸಿದ್ರಾಮಣ್ಣ ಆಗ ಮಾಳಿಗೆಯ ಮೇಲೆ ಹಾರ್ನು ಕಟ್ಟುತ್ತಿದ್ದ. ಬೊಟ್ಟಿಟ್ಟ ಬದಿಗೆ ಧೂಳು ಬೀಳದಿರಲೆಂದು ಅವನು ನನ್ನ ರೆಕಾರ್ಡನ್ನು ಮಷೀನಿನ ಪಕ್ಕ ಬಟ್ಟೆಯ ಮೇಲೆ ಬೋರಲು ಇಟ್ಟು ಹೋಗಿದ್ದ. ಮೇಲೆ ಇದ್ದದ್ದು ಎರಡನೇ ಬದಿ. ಅದರ ಮೇಲೆ ಸರ್ ಬೆರಳಾಡಿತೆಂದು ನಮಗೆ ಯಾರಿಗೂ ಆಗ ಹೊಳೆಯಲಿಲ್ಲ.

ಪರದೆ ಮೇಲೆ ಹೋಯಿತು. ಅಜ್ಜಿಯ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಸೊಂಟಕ್ಕೆ ಕಟ್ಟಿಗೆಯ ಕತ್ತಿ ಸಿಗಿಸಿ, ಕೈಯಲ್ಲಿ ಆರತಿ ತಟ್ಟೆ ಹಿಡಿದು ದೇವಿಯ ಫೋಟೋದ ಮುಂದೆ ನಿಂತಿದ್ದೆ. ಮೂರನೇ ಸಾಲಿನಲ್ಲಿ ಅಪ್ಪ, ಹೊಸ ರುಮಾಲು ಸುತ್ತಿಕೊಂಡು. ಹಾರ್ನಿನಿಂದ ಧಬ್ ಧಬ್ ಎಂದು ಡಿಸ್ಕೊ ಶುರುವಾಯಿತು, ಹಿಂದೆಯೇ ಆ ಏದುಸಿರು! ಆಮೇಲೆ ಹುಡುಗರು ಸೀಟಿ ಹೊಡೆಯತೊಡಗಿದರು. "ಕುಣಿ ರಾಣಿ, ಕುಣಿ!" ಎಂದು ಯಾರೋ ಕೂಗಿದ. ಅವನು ಇವತ್ತು ಎದುರು ಸಿಕ್ಕರೂ ಕಪಾಳಕ್ಕೆ ಬಾರಿಸುತ್ತೇನೆ. ನಾನು ತಟ್ಟನೆ ತಿರುಗಿದ ರಭಸಕ್ಕೆ ತಟ್ಟೆಯ ದೀಪ ಆರಿತು. ಸಿದ್ರಾಮಣ್ಣ ಓಡಿಬಂದು ಮುಳ್ಳು ಎತ್ತಿದ.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಮರೆಯುವ ಮಾತು. ಆ ಸರ್ ಏನೂ ವಿಚಾರಿಸದೆ ಮೈಕು ಹಿಡಿದರು. "ದೇವಿ ಮುಂದ ಇಂಥಾ ಹಲ್ಕಾ ರೆಕಾರ್ಡು ತಂದು ಹಚ್ಚಿಸ್ಯಾಳ. ಕಾಲೇಜಿನ ಮರ್ಯಾದಿ ಕಳದಾಳ. ಇಳೀ ಕೆಳಗ! ನಾಳಿಂದ ಕ್ಲಾಸಿಗಿ ಬರಬ್ಯಾಡ!" ಹಾರ್ನು ನಾಲ್ಕು ದಿಕ್ಕಿಗೂ ಕಟ್ಟಿತ್ತು. ಬಸ್‌ಸ್ಟ್ಯಾಂಡಿನ ತನಕ ಕೇಳಿತಂತೆ.

ಅಪ್ಪ ಎದ್ದು ಬಂದು ನನ್ನ ರಟ್ಟೆ ಹಿಡಿದ. ಸೀರೆ ಬದಲಿಸಲಿಕ್ಕೂ ಬಿಡಲಿಲ್ಲ. ರಾಣಿಯ ವೇಷದಲ್ಲಿ, ಸೊಂಟದ ಕತ್ತಿಯ ಸಮೇತ ಬಸ್ಸಿನಲ್ಲಿ ಕುಳಿತೆ. ಮಂದಿಯೆಲ್ಲ ತಿರುಗಿ ತಿರುಗಿ ನೋಡಿದರು. "ಅಪ್ಪಾ, ನಂದು ತಪ್ಪಿಲ್ಲ" ಎಂದೆ. "ಬಾಯಿ ಮುಚ್ಚು. ಸಾಕು ನೀ ಕಲತದ್ದು" ಎಂದ. ಒಂದೂವರೆ ವರ್ಷ ಒಂದೇ ಒಂದು ಮಾತು ತಂದುಕೊಳ್ಳದ ಮಗಳನ್ನು ಒಂದು ಮಾತೂ ಕೇಳಲಿಲ್ಲ. ಸರ್ ಮೇಲಿದ್ದಷ್ಟೇ ಸಿಟ್ಟು ನನಗೆ ಅಪ್ಪನ ಮೇಲೂ ಬಂತು. ಮನೆಗೆ ಹೋದವಳೇ ಕತ್ತಿಯನ್ನು ಒಲೆಗೆ ಹಾಕಿದೆ.

ಮರುದಿನ ಮುಂಜಾನೆ ನಮ್ಮ ಬಾಗಿಲಿಗೆ ಸೈಕಲ್ಲು ಬಂತು. ಸಿದ್ರಾಮಣ್ಣ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಟವಲಿನಲ್ಲಿ ಸುತ್ತಿದ ರೆಕಾರ್ಡು ಬಿಚ್ಚಿ ಅಪ್ಪನ ಮುಂದೆ ಹಿಡಿದ. "ಗೌಡ್ರ, ಸ್ವಲ್ಪ ನೋಡ್ರಿ. ಈ ಕಡಿ ಸಣ್ಣ ಬೊಟ್ಟು ಐತಲ್ರಿ, ಅದು ತಂಗಿ ಇಟ್ಟಿದ್ದು. ಈ ಕಡಿ ನೋಡ್ರಿ."

ಎರಡನೇ ಬದಿಯ ಕಾಗದಕ್ಕೆ ಹೆಬ್ಬೆರಳಿನ ಉದ್ದನೆಯ ಕುಂಕುಮ. ಚೆಂಡುಹೂವಿನ ಎಸಳೊಂದು ಅದಕ್ಕೆ ಅಂಟಿಕೊಂಡಿತ್ತು.

"ನನ್ನ ಮಷೀನಿಗೂ ಹಿಂಗ ಎಳದಾರ್ರಿ, ಹಾರ್ಮೋನಿಯಂಗೂ ಎಳದಾರ" ಎಂದ ಸಿದ್ರಾಮಣ್ಣ. "ಮ್ಯಾಲ ಕುಂಕುಮ ಕಂಡ್ತು, ಬೋರಲ ಇಟ್ಟದ್ದು ಮರತು ಹಂಗ ಹಚ್ಚಿಬಿಟ್ಟೆ. ನಿನ್ನಿ ಸಂಜಿಂದ ಕೂಳು ಇಳಿವಲ್ದ್ರಿ ನನಗ."

"ಪೂಜಿ ಯಾರು ಮಾಡಿದ್ರು?" ಅಪ್ಪ ಕೇಳಿದ.

"ಅವ್ರ. ಬೈದ ಸರ್" ಎಂದೆ ನಾನು.

ಅಪ್ಪ ರುಮಾಲು ಸುತ್ತಿಕೊಂಡು, "ನಡಿ" ಎಂದ.

ಪ್ರಿನ್ಸಿಪಾಲರ ಕೋಣೆಯಲ್ಲಿ ಆ ಸರ್ ರೆಕಾರ್ಡನ್ನು ನೋಡಿದರು. ಅವರ ಮುಖದ ಬಣ್ಣ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಆದರೂ ಬಾಯಿಂದ ಬಂದದ್ದೇನು? "ದೇವರ ಪೂಜಿಗಿ ಹೆಸರಿಡಾಕ ಬಂದೀರೇನು? ಅಂಥಾ ರೆಕಾರ್ಡು ಕಾಲೇಜಿಗೆ ತಂದಿದ್ದ ತಪ್ಪು. ತಪ್ಪಾತಂತ ಮಾಫಿ ಬರದು ಕೊಡ್ಲಿ, ಕ್ಲಾಸಿಗಿ ಬರ್ಲಿ." ಪ್ರಿನ್ಸಿಪಾಲರು ಫೈಲಿನೊಳಗೆ ಮುಖ ಹಾಕಿ ಕುಳಿತರು.

ಅಪ್ಪ ನನ್ನತ್ತ ತಿರುಗಿದ. "ಬರದು ಕೊಟ್ಟುಬಿಡು. ಎರಡು ಸಾಲು. ಕಾಲೇಜು ಉಳೀತೈತಿ."

"ನಾ ಬರಿಯೂದಿಲ್ಲ" ಎಂದೆ. "ಸರ್, ನನ್ನ ಮೈಕಿನ್ಯಾಗ ಬೈದೀರಿ. ತಪ್ಪಾತಂತ ನೀವು ಮೈಕಿನ್ಯಾಗ ಹೇಳ್ರಿ."

"ಏನ್ ಸೊಕ್ಕು ಐತ್ರಿ ನಿಮ್ಮ ಮಗಳಿಗೆ! ಸಂಜೀತನಾ ಟೈಮ್ ಕೊಡ್ತೇನಿ. ಬರೀದಿದ್ರ ಹಾಜರಿ ಪುಸ್ತಕದಾಗ ಹೆಸರು ಕಾಟು" ಎಂದು ಸರ್ ಎದ್ದೇ ಹೋದರು.

ಸಂಜೆಯ ತನಕ ಕಾಯುವುದೆಂದು ಅಪ್ಪ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತುಬಿಟ್ಟ. ನಮ್ಮ ಗಲಾಟೆಯನ್ನೆಲ್ಲ ಸಿದ್ರಾಮಣ್ಣ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ.

ಮಧ್ಯಾಹ್ನ ಬಹುಮಾನ ಹಂಚುವ ಸಭೆ. ನಾನೂ ಅಪ್ಪನೂ ಕೊನೆಯ ಸಾಲಿನಲ್ಲಿದ್ದೆವು. ಸಿದ್ರಾಮಣ್ಣ ಯಾವಾಗಿನಂತೆ ಮೈಕನ್ನು ಬೆರಳಿನಿಂದ ತಟ್ಟಿ ನೋಡಿದ. ಆದರೆ ಸರಿದು ಹೋಗಲಿಲ್ಲ. "ಎಲ್ಲಾರಿಗೂ ಶರಣ್ರಿ. ನಿನ್ನಿ ತಪ್ಪು ಹಾಡು ಹಚ್ಚಿದ್ದು ನಾನು. ಆ ಹುಡುಗೀದು ತಪ್ಪಿಲ್ರಿ. ನನ್ನ ತಪ್ಪು ಹೊಟ್ಟಿಗಿ ಹಾಕ್ಕೋರಿ" ಎಂದು ಕೈ ಮುಗಿದ. ಮುಂದಿನ ಸಾಲಿನ ಕುರ್ಚಿಯಲ್ಲಿ ಆ ಸರ್ ಕಾಲ ಮೇಲೆ ಕಾಲು ಹಾಕಿಕೊಂಡು, "ಆತು ಬಿಡಪಾ, ಇನ್ಮ್ಯಾಲೆ ನೋಡಿ ಹಚ್ಚು" ಎಂದರು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರಂತೆ! ತಾವು!

ಎದ್ದು ಹೋಗಿ ವೇದಿಕೆ ಹತ್ತಿ ಸಿದ್ರಾಮಣ್ಣನ ಕೈಯಿಂದ ಮೈಕು ತೆಗೆದುಕೊಂಡೆ. ಅವನು "ಬ್ಯಾಡ ತಂಗಿ" ಎಂದದ್ದೂ ಮೈಕಿನಲ್ಲಿ ಕೇಳಿತು.

"ಸಿದ್ರಾಮಣ್ಣಂದೂ ತಪ್ಪಿಲ್ಲ. ನಾ ಒಂದು ಕಡಿ ಬೊಟ್ಟು ಇಟ್ಟಿದ್ದೆ, ಪೂಜಿ ಮಾಡೂವಾಗ ಸರ್ ಇನ್ನೊಂದು ಕಡಿ ಇಟ್ರು. ಗೊತ್ತಿಲ್ದ ಇಟ್ಟಾರ, ಅದೇನ ದೊಡ್ಡ ತಪ್ಪಲ್ಲ. ಗೊತ್ತಾದ ಮ್ಯಾಲೂ ನನ್ನ ಕಡಿಂದ ಮಾಫಿ ಬರಸ್ಕೊಳ್ಳಾಕ ಕುಂತಾರಲ್ಲ, ಅದು ತಪ್ಪು. ನನ್ನ ಹೆಸರು ಕಾಟು ಹಾಕ್ರಿ ಬೇಕಾದ್ರ, ನಾ ಬರಿಯೂದಿಲ್ಲ."

ಯಾರೂ ಸೀಟಿ ಹೊಡೆಯಲಿಲ್ಲ. ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ಸರ್ ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು. ಹಿಂದಿನ ಸಾಲಿನಿಂದ ಅಪ್ಪ ನಡೆದು ಬಂದು ವೇದಿಕೆಯ ಕೆಳಗೆ ನಿಂತ. "ಇಳಿ. ಬಸ್ಸಿಗಿ ಹೊತ್ತಾತು."

ಮುಗಿಯಿತು ಎಂದುಕೊಂಡೆ. ಬಸ್ಸಿನಲ್ಲಿ ಕಿಟಕಿಯ ಹೊರಗೆ ಜೋಳದ ಹೊಲ ನೋಡುತ್ತ ಕುಳಿತೆ. ಊರು ಹತ್ತಿರ ಬಂದಾಗ ಅಪ್ಪ ಕೇಳಿದ:

"ಆ ರೆಕಾರ್ಡು ಎಲ್ಲೈತಿ?"

"ಸಿದ್ರಾಮಣ್ಣನ ಹಂತ್ಯಾಕ ಐತಿ."

"ನಾಳಿ ಕಾಲೇಜಿಗೆ ಹೋದಾಗ ತಗೊಂಡ ಬಾ."

ನಾನು ಮರುದಿನ ಹೋದೆ, ಅದರ ಮರುದಿನವೂ ಹೋದೆ, ಬಿ.ಎ. ಮುಗಿಸುವ ತನಕ ಹೋದೆ. ಮಾಫಿ ಬರೆಯಲಿಲ್ಲ. ನನ್ನ ಹೆಸರು ಕಾಟು ಹಾಕುವ ಧೈರ್ಯವೂ ಯಾರಿಗೂ ಬರಲಿಲ್ಲ. ಆದರೆ ಸಿದ್ರಾಮಣ್ಣನನ್ನು ಆ ಕಾಲೇಜಿನವರು ಮತ್ತೆಂದೂ ಕರೆಯಲಿಲ್ಲ. ಆ ಸರ್ ನಿವೃತ್ತಿಯಾದಾಗ ಶಾಲು ಹೊದಿಸಿ, ಅವರ ಶಿಸ್ತನ್ನು ಅದೇ ವೇದಿಕೆಯ ಮೇಲೆ ಮೈಕಿನಲ್ಲಿ ಹೊಗಳಿದರಂತೆ.

ರೆಕಾರ್ಡು ಇನ್ನೂ ನನ್ನ ಹತ್ತಿರ ಇದೆ. ಒಂದು ಬದಿಗೆ ಸಣ್ಣ ಬೊಟ್ಟು, ಇನ್ನೊಂದು ಬದಿಗೆ ಹೆಬ್ಬೆರಳ ಗುರುತು, ಎರಡೂ ಕಪ್ಪಾಗಿವೆ. ಮದುವೆಯಾದ ಮೇಲೆ ಒಮ್ಮೆ ಸಿದ್ರಾಮಣ್ಣನ ಅಂಗಡಿಯಲ್ಲಿ ಕುಳಿತು ಆ ಡಿಸ್ಕೊ ಬದಿಯನ್ನು ಪೂರ್ತಿ ಕೇಳಿದೆ. ಹಾಡು ಚೆನ್ನಾಗಿಯೇ ಇತ್ತು. ಅದರಲ್ಲಿ ಹಲ್ಕಾ ಎನ್ನುವಂಥದ್ದು ಏನೂ ಇರಲಿಲ್ಲ. ಆ ಸರ್ ಅಂದ ಮಾತನ್ನು ಅವರು ಸಾಯುವ ತನಕ ವಾಪಸ್ ತೆಗೆದುಕೊಳ್ಳಲಿಲ್ಲ. ನಾನೂ ನನ್ನ ಸಿಟ್ಟನ್ನು ವಾಪಸ್ ತೆಗೆದುಕೊಂಡಿಲ್ಲ.