ಲಾಡಿಯ ಮೇಲಿನ ಗುರುತು

ಓಣಿಯ ತುದಿಯ ಹಿಟ್ಟಿನ ಗಿರಣಿ ಟುಕ್ ಟುಕ್ ಎಂದು ಶುರುವಾದರೆ ಮೊರಬ ಹಳ್ಳಿಯಲ್ಲಿ ರಹೀಮಾಬಿಯ ಹೊಲಿಗೆ ಯಂತ್ರದ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಗಂಡ ರಸೂಲಸಾಬ ತೀರಿಕೊಂಡ ಮೇಲೆ ಆತನ ಯಂತ್ರದ ಮುಂದೆ ಕೂತವಳು, ಹೆಂಗಸು ಕತ್ತರಿ ಹಿಡಿದಳೆಂದು ಜನ ಆಡಿಕೊಂಡರೂ ಏಳಲಿಲ್ಲ. ರೈತರ ಚಣ್ಣ, ಮುದುಕರ ಪಾಯಜಾಮ, ತಮ್ಮ ಜನದ ಹೆಂಗಸರು ತೊಡುವ ಪಾಯಜಾಮದಂಥ ಇಜಾರ, ಎಲ್ಲ ಹೊಲಿದಳು. ಹುಬ್ಬಳ್ಳಿಯ ಹುಡುಗಿಯರು ಕಾಲಿಗಂಟುವ ಚೂಡಿದಾರಕ್ಕೆ ಮನಸೋತಿದ್ದರು. ಆಕೆಯದು ಹಳೆಯ ಬಗೆ: ತೊಡೆಯಲ್ಲಿ ಧಾರಾಳ ಘೇರು, ಪಾದದ ಹತ್ತಿರ ಸಣ್ಣ, ಸೊಂಟಕ್ಕೆ ಲಾಡಿ.

"ನನ್ನ ಇಜಾರ ಯಾರಿಗೂ ಬಿಗಿ ಆಗೂದಿಲ್ಲ" ಎಂಬುದೊಂದೇ ಆಕೆಯ ಜಂಬ.

ಒಬ್ಬಳೇ ಮಗಳು ಹಸನಬಿಯನ್ನು ಅಳ್ನಾವರಕ್ಕೆ ಕೊಟ್ಟಿದ್ದಳು. ರಮಜಾನಿಗೆ ತವರಿನ ಇಜಾರ ಹೋಗಲೇಬೇಕು. ಅಳತೆಗೆಂದು ಮಗಳು ತನ್ನ ಹಳೆಯದೊಂದನ್ನು ಒಗೆದು, ಲಾಡಿ ತೆಗೆದು ಕಳಿಸುತ್ತಿದ್ದಳು. ಅತ್ತೆಮನೆಯವರು ಅವಳನ್ನು ತವರಿಗೆ ಕಳಿಸದೆ ಎರಡು ವರ್ಷವಾಗಿತ್ತು. ಆದರೆ ಅಳತೆಯ ಇಜಾರದ ಉದ್ದವೂ ಅದೇ, ಘೇರೂ ಅದೇ. ಮಗಳು ಇದ್ದ ಹಾಗೆಯೇ ಇದ್ದಾಳೆಂದು ತಾಯಿ ನೆಮ್ಮದಿಯಾಗಿದ್ದಳು.

ಈ ಸಲ ಗಂಟು ತಂದವನು ಪಕ್ಕದ ಮನೆಯ ಕನಕಪ್ಪ. ಅಳ್ನಾವರದ ಸ್ಟೇಷನ್ನಿನಲ್ಲಿ ಕಟ್ಟಿಗೆ ಹೇರುವವನು.

"ತಗೋ ಯಕ್ಕಾ, ನಿನ್ನ ಮಗಳ ಅಳತಿ. ನನಗೂ ಒಂದು ಚಣ್ಣ ಹೊಲಿ, ಹೋದ ವರ್ಷದ್ದು ಹೊಟ್ಟಿಗೆ ಬರವಲ್ದು."

"ಚಣ್ಣಾ ಸಣ್ಣ ಆಗಿಲ್ಲಪಾ. ನೀ ರೊಟ್ಟಿ ಸಣ್ಣ ಮಾಡು."

ನಗುತ್ತಲೇ ಇಜಾರ ಹಾಸಿದಳು. ಅವಸರದಲ್ಲಿ ಕಳಿಸಿದ್ದೋ ಏನೋ, ಲಾಡಿ ಹಾಗೆಯೇ ಉಳಿದಿತ್ತು. ಮದುವೆಗೆಂದು ತಾನೇ ಹೊಲಿದುಕೊಟ್ಟ ಬಿಳಿ ಲಾಡಿ. ದಿನವೂ ಗಂಟು ಬಿದ್ದ ಜಾಗ ಮುದುಡಿ ಕಪ್ಪಾಗಿತ್ತು. ತುದಿಯಲ್ಲೊಂದು ಮಾಸಿದ ಗುರುತು. ಅದರ ಒಳಗೆ ಇನ್ನೊಂದು. ಎಲ್ಲಕ್ಕಿಂತ ಹೊಸದು ಗೇಣುದ್ದ ಒಳಗಿತ್ತು.

ರಹೀಮಾಬಿ ಆ ಲಾಡಿಯನ್ನು ಹೊಸ ಗುರುತಿನಲ್ಲಿ ಕೂಡಿಸಿ ಗಾಳಿಯಲ್ಲೇ ಒಂದು ಸೊಂಟಕ್ಕೆ ಸುತ್ತಿದಂತೆ ಹಿಡಿದಳು. ಅದು ಬೆಳೆದ ಹೆಣ್ಣಿನ ಸೊಂಟವಾಗಿರಲಿಲ್ಲ.

"ಕನಕಪ್ಪಾ, ಹಸನಾ ಹೆಂಗದಾಳ?"

"ಆರಾಮ ಅದಾಳ."

"ನನ್ನ ಮುಖಾ ನೋಡಿ ಹೇಳು."

ಆತ ಹೊರಗೆ ನೋಡಿದ. "ಕೆಮ್ಮತಾಳ ಯಕ್ಕಾ. ಭಾಳ ದಿವಸಾತು. ಹಿತ್ತಲ ಕ್ವಾಣ್ಯಾಗ ಹಾಕ್ಯಾರ. ಅವ್ವಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಾಳ. ಇಜಾರ ಹೆಂಗಿದ್ರೂ ನನಗ ಬರತೈತಿ, ಲಾಡಿ ಜಗ್ಗಿ ಕಟಗೊಂತೀನಿ ಅಂದ್ಲು."

ಗಿರಣಿ ನಿಂತಿತು. ಎರಡು ವರ್ಷ ತಾನು ಹೊಲಿದ ಘೇರಿನೊಳಗೆ ಮಗಳು ಕರಗುತ್ತ ಹೋಗಿದ್ದಳು. ಬಟ್ಟೆ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಹೊಸ ಬಟ್ಟೆಯನ್ನು ಕತ್ತರಿಸದೆ ಮಡಚಿ ಯಂತ್ರದ ಮೇಲಿಟ್ಟಳು. ಸೆರಗು ತಲೆಗೆಳೆದು ಚಪ್ಪಲಿ ಮೆಟ್ಟಿದಳು.

"ಯಕ್ಕಾ, ಈಗ ಎಲ್ಲಿಗೆ? ಅವರು ಕಳಸ್ತಾರಂತ ಏನ್ ಖಾತ್ರಿ?"

"ಕೇಳಾಕ ಹೊಂಟಿಲ್ಲ, ಕರಕೊಂಡು ಬರಾಕ ಹೊಂಟೀನಿ. ಹುಬ್ಬಳ್ಳಿ ದವಾಖಾನಿಗೆ ಒಯ್ಯತೀನಿ. ಬದುಕಿದ್ರ ಇಲ್ಲೇ ನನ್ನ ಬಾಜು ಕುಂದರಸ್ಕೊಂಡು..." ಎನ್ನುತ್ತಲೇ ಆಕೆ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ್ದಳು, "ಇಲ್ಲಂದ್ರೂ ಆ ಹಿತ್ತಲದಾಗ ಒಬ್ಬಾಕಿನ್ನ ಮಾತ್ರ ನಾ ಬಿಡೂದಿಲ್ಲ."